ಮಾನವದೇಹದ ಬರಹವೂ ಅದರ ಪಾಠಾಂತರಗಳೂ



 

ಮಠವೆಂದರೆ ಪೂಜೆಯ ಸ್ಥಾನ ಮಾತ್ರವಲ್ಲ. ಬರಹವನ್ನು ಕಾಪಾಡಿಕೊಂಡು ಬಂದ ಸ್ಥಾನವೂ ಅಹುದು. ಕನ್ನಡನಾಡಿನ ಅನೇಕ ಮಠಗಳಲ್ಲಿ ವಸ್ತ್ರದಿಂದ ಸುತ್ತಿಟ್ಟ ತಾಳೆಯೋಲೆಯ ಕಟ್ಟುಗಳು ನೂರಾರು ವರ್ಷಗಳ ಕಾಲ ಉಳಿದುಬಂದುವು. ಒಂದು ಓಲೆಯು ಜೀರ್ಣವಾಗುವುದಕ್ಕೆ ಮುಂಚೆ ಅದನ್ನು ಮತ್ತೊಂದು ಓಲೆಯ ಮೇಲೆ ನಕಲು ಮಾಡುವುದು ಒಂದು ಕಾಯಕವಾಗಿದ್ದಿತು. ನಕಲು ಮಾಡುವವನು ಎಷ್ಟೇ ಎಚ್ಚರಿಕೆಯುಳ್ಳವನಾದರೂ ಎಲ್ಲಿಯೋ ಒಂದು ಒತ್ತಕ್ಷರವು ಬಿಟ್ಟುಹೋಗುವುದು. ಎಲ್ಲಿಯೋ ಒಂದು ಅಕ್ಷರಕ್ಕೆ ಬದಲು ಮತ್ತೊಂದು ಬೀಳುವುದು. ಒಮ್ಮೊಮ್ಮೆ ಒಂದು ಸಾಲೇ ಎರಡು ಸಲ ಬರೆಯಲ್ಪಡುವುದು. ಮುಂದೆ ಆ ಪ್ರತಿಯನ್ನು ನೋಡಿ ಬರೆಯುವವನು ಆ ತಪ್ಪನ್ನೂ ಅಷ್ಟೇ ಭಕ್ತಿಯಿಂದ ಬರೆದಿಡುವನು.

ವಚನಪಿತಾಮಹರೆಂದು ಖ್ಯಾತರಾದ ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಶ್ರಮಪಟ್ಟು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು. ಈ ಬಗೆಯ ಕೆಲಸದಲ್ಲಿ ತೊಡಗಿದ ವಿದ್ವಾಂಸರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಒಂದೇ ಪ್ರತಿಯನ್ನು ಇಟ್ಟುಕೊಂಡು ಯಾವುದು ಮೂಲಪಾಠ, ಯಾವುದು ಪಾಠಾಂತರ ಎಂದು ನಿರ್ಣಯಿಸಲಾಗದು. ಹತ್ತು ಊರುಗಳ ಹತ್ತು ಪ್ರತಿಗಳನ್ನು ಎದುರಿಗಿಟ್ಟು ಹೋಲಿಸಿದಾಗಲೇ ಯಾವ ವ್ಯತ್ಯಾಸವು ಅರ್ಥವನ್ನು ಕೆಡಿಸಿದೆ, ಯಾವುದು ನಿರಪಾಯವಾದ ರೂಪಭೇದ ಎಂಬುದು ಹೊರಬೀಳುವುದು. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರವಾದ ತಪ್ಪು ಕಂಡುಬಂದರೆ ಅವೆರಡಕ್ಕೂ ಮಾತೃಕೆಯು ಒಂದೇ ಎಂದು ಊಹಿಸಬಹುದು. ಹೀಗೆ ತಪ್ಪುಗಳೂ ವಂಶವೃಕ್ಷವನ್ನು ಹೇಳುವುವು.

ಇಂದಿನ ಉಪನ್ಯಾಸದ ವಿಷಯವು ಈ ಓಲೆಗಳಿಗಿಂತಲೂ ಪುರಾತನವಾದ ಮತ್ತೊಂದು ಬರಹವು. ಅದು ಪ್ರತಿಯೊಬ್ಬ ಮನುಷ್ಯನ ದೇಹದಲ್ಲಿಯೂ ಇರುವುದು. ಆ ಬರಹದ ಪಾಠಾಂತರಗಳನ್ನು ಲೋಕದ ವಿಜ್ಞಾನಿಗಳು ಅಂತರ್ಜಾಲದ ಭಂಡಾರಗಳಲ್ಲಿ ಹೇಗೆ ಕೂಡಿಟ್ಟಿರುವರು, ಅವುಗಳನ್ನು ಓದಲು ಎಂತಹ ಸಾಧನಗಳನ್ನು ನಿರ್ಮಿಸಿರುವರು, ಅದರಿಂದ ಸಾಮಾನ್ಯ ಗೃಹಸ್ಥನ ಮನೆಗೆ ಬರುವ ಹಿತವೇನು, ಅಪಾಯವೇನು ಎಂಬುದನ್ನು ಸಂಕ್ಷೇಪವಾಗಿ ವಿವರಿಸುವುದೇ ಇಲ್ಲಿಯ ಉದ್ದೇಶವಾಗಿದೆ.

ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ದ್ರವ್ಯವಿರುವುದು. ಇದರ ಎರಡೆಳೆಯ ಸುರುಳಿಯ ರಚನೆಯು 1953ರಲ್ಲಿ ತಿಳಿದುಬಂದಿತು. ಈ ಬರಹಕ್ಕೆ ಇರುವ ಅಕ್ಷರಗಳು ನಾಲ್ಕೇ: ಎ, ಸಿ, ಜಿ, ಟಿ. ನಾಲ್ಕೇ ಅಕ್ಷರಗಳಾದರೂ ಬರಹವು ಅಲ್ಪವಲ್ಲ. ಒಂದು ಪ್ರತಿಯಲ್ಲಿ ಸುಮಾರು 300 ಕೋಟಿಗಿಂತಲೂ ಹೆಚ್ಚು ಅಕ್ಷರಗಳಿರುವುವು. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಹೀಗೆ ಪ್ರತಿಯೊಬ್ಬನಲ್ಲಿಯೂ ಎರಡು ಪ್ರತಿಗಳಿದ್ದು, ಅವು 23 ಜೊತೆ ವರ್ಣತಂತುಗಳಾಗಿ ಕಟ್ಟಲ್ಪಟ್ಟಿರುವುವು. ಈ ಬರಹದಲ್ಲಿ ದೇಹಕ್ಕೆ ಬೇಕಾದ ಒಂದೊಂದು ವಸ್ತುವನ್ನು ನಿರ್ಮಿಸುವ ವಿಧಿಯನ್ನು ಹೇಳುವ ಭಾಗಕ್ಕೆ ವಂಶವಾಹಿ ಎಂದು ಹೆಸರು.

ಪ್ರಕೃತಿಯು ಈ ಬರಹವನ್ನು ನಕಲು ಮಾಡುವುದರಲ್ಲಿ ಯಾವ ಲಿಪಿಕಾರನಿಗಿಂತಲೂ ಹೆಚ್ಚು ನಿಪುಣೆ. ಆದರೂ ತಂದೆತಾಯಿಗಳಲ್ಲಿಲ್ಲದ ಸುಮಾರು 60-70 ಹೊಸ ವ್ಯತ್ಯಾಸಗಳು ಪ್ರತಿಯೊಂದು ಶಿಶುವಿನಲ್ಲಿಯೂ ಹುಟ್ಟುವುವು. ಸಾವಿರಾರು ತಲೆಮಾರುಗಳಿಂದ ಹೀಗೆ ಕೂಡುತ್ತ ಬಂದುದರಿಂದ, ಒಬ್ಬ ಮನುಷ್ಯನ ಬರಹವನ್ನು ವಿಜ್ಞಾನಿಗಳ ಆಧಾರಪ್ರತಿಯೊಡನೆ ಹೋಲಿಸಿದರೆ 41 ಲಕ್ಷದಿಂದ 50 ಲಕ್ಷದವರೆಗೆ ಸ್ಥಾನಗಳಲ್ಲಿ ವ್ಯತ್ಯಾಸ ಕಾಣುವುದು. ಇವುಗಳಲ್ಲಿ ಬಹುಪಾಲು ನಿರಪಾಯವಾದವು. ಕೆಲವು ಕಣ್ಣಿನ ಬಣ್ಣವನ್ನೋ ಮೈಬಣ್ಣವನ್ನೋ ಮಾರ್ಪಡಿಸುವುವು. ಕೆಲವೇ ಕೆಲವು ರೋಗಕ್ಕೆ ಕಾರಣವಾಗುವುವು. ಲಕ್ಷಗಟ್ಟಲೆ ವ್ಯತ್ಯಾಸಗಳ ರಾಶಿಯಿಂದ ಆ ಒಂದನ್ನು ಹೆಕ್ಕಿ ತೆಗೆಯುವುದೇ ಈ ಶಾಸ್ತ್ರದ ಮುಖ್ಯವಾದ ಕಷ್ಟವು.

ಮಾನವನ ಬರಹವನ್ನೆಲ್ಲ ಓದಿಬಿಡಬೇಕೆಂಬ ಮಹಾಯೋಜನೆಯು 1990ರಲ್ಲಿ ಆರಂಭವಾಯಿತು. ಅನೇಕ ದೇಶಗಳ ವಿಜ್ಞಾನಿಗಳು ಕೂಡಿ ಮಾಡಿದ ಈ ಕೆಲಸದ ಕರಡು 2000ದಲ್ಲಿ ಸಿದ್ಧವಾಗಿ, 2003ರಲ್ಲಿ ಅದು ಮುಗಿಯಿತೆಂದು ಸಾರಲಾಯಿತು. ಆಗಲೂ ಓದಲಾಗದೆ ಉಳಿದಿದ್ದ ಜಟಿಲವಾದ ಭಾಗಗಳನ್ನು ತುಂಬಿದ ಪಾಠವು 2022ರಲ್ಲಿ ಪ್ರಕಟವಾಯಿತು. ಈ ಆಧಾರಪ್ರತಿಯು ಯಾವ ಆದರ್ಶಪುರುಷನದೂ ಅಲ್ಲವೆಂಬುದನ್ನು ಮರೆಯಬಾರದು. ಅಮೆರಿಕೆಯ ಬಫಲೋ ನಗರದಲ್ಲಿ 1997ರಲ್ಲಿ ವರ್ತಮಾನಪತ್ರಿಕೆಯ ಪ್ರಕಟಣೆಯನ್ನು ನೋಡಿ ರಕ್ತವನ್ನು ಕೊಟ್ಟ ಅನಾಮಧೇಯ ದಾನಿಗಳಿಂದ ಅದರ ಹೆಚ್ಚಿನ ಭಾಗವು ಬಂದಿರುವುದು. ಅದರಲ್ಲಿಯೂ ಒಬ್ಬನೇ ದಾನಿಯ ಭಾಗವು ನೂರಕ್ಕೆ ಸುಮಾರು 70ರಷ್ಟು. ಸಂಪಾದಕನು ಕೈಗೆ ಸಿಕ್ಕ ಒಂದು ಕಟ್ಟನ್ನು ಹೋಲಿಕೆಗಾಗಿ ಆಧಾರವಾಗಿ ಇಟ್ಟುಕೊಳ್ಳುವಂತೆ ಇದು. ಈ ಕೊರತೆಯನ್ನು ನೀಗಿಸುವುದಕ್ಕಾಗಿ 2023ರಲ್ಲಿ ಬೇರೆ ಬೇರೆ ಮೂಲದ 47 ಮಂದಿಯ ಬರಹಗಳನ್ನು ಒಟ್ಟಿಗೆ ಹೆಣೆದ ಆಧಾರಪಾಠದ ಕರಡು ಪ್ರಕಟಿಸಲ್ಪಟ್ಟಿತು.

ಶರಣಬಂಧುಗಳಿರಾ, ದಾಸೋಹವೆಂಬ ಮಾತನ್ನು ಬಲ್ಲವರಿಗೆ ಈ ಚರಿತ್ರೆಯ ಒಂದು ಪ್ರಸಂಗವು ವಿಶೇಷವಾಗಿ ಮೆಚ್ಚುಗೆಯಾಗುವುದು. 1996ರಲ್ಲಿ ಈ ಮಹಾಯೋಜನೆಯ ವಿಜ್ಞಾನಿಗಳು ಬರ್ಮುಡಾ ಎಂಬ ದ್ವೀಪದಲ್ಲಿ ಸಭೆ ಸೇರಿದರು. ಯಾರು ಎಷ್ಟು ಬರಹವನ್ನು ಓದುವರೋ ಅದನ್ನು ತಮ್ಮ ಹೆಸರಿಗೋ ಲಾಭಕ್ಕೋ ಬಚ್ಚಿಡದೆ, 24 ಗಂಟೆಗಳೊಳಗಾಗಿ ಸರ್ವರಿಗೂ ದೊರೆಯುವಂತೆ ಸಾರ್ವಜನಿಕ ಭಂಡಾರದಲ್ಲಿ ಇಡತಕ್ಕದ್ದೆಂದು ಅಲ್ಲಿ ಒಪ್ಪಂದವಾಯಿತು. ಮುಂದೆ ಒಂದು ಖಾಸಗಿ ಕಂಪನಿಯೂ ಅದೇ ಬರಹವನ್ನು ಓದುವ ಪೈಪೋಟಿಗಿಳಿಯಿತು. ಸಾರ್ವಜನಿಕ ಯೋಜನೆಯು ಓದಿದ್ದ ಚೂರುಗಳು ಇನ್ನೂ ಕ್ರಮವಾಗಿ ಜೋಡಿಸಲ್ಪಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜಿಮ್ ಕೆಂಟ್ ಎಂಬಾತನು ಆ ಜೋಡಣೆಗೆ ಬೇಕಾದ ಗಣಕಯಂತ್ರದ ಕ್ರಮವಿಧಿಯನ್ನು ಸುಮಾರು ನಾಲ್ಕು ವಾರಗಳಲ್ಲಿ ಬರೆದು ಮುಗಿಸಿದನು. ಹಗಲಿರುಳು ಬರೆದು ನೊಂದ ಮಣಿಕಟ್ಟುಗಳಿಗೆ ಮಂಜುಗಡ್ಡೆಯನ್ನು ಒತ್ತಿಕೊಳ್ಳುತ್ತ ಆತನು ಕೆಲಸವನ್ನು ಸಾಗಿಸಿದನೆಂದು ಆತನ ಸಹೋದ್ಯೋಗಿಗಳು ಹೇಳಿರುವರು. 2000ದ ಜುಲೈ 7ರಂದು ಆ ಬರಹವು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಲ್ಪಟ್ಟಿತು. ಕಾಯಕದಿಂದ ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸುವುದೆಂದರೆ ಇದೇ ಅಲ್ಲವೆ?

ಈ ಅಡಿಪಾಯದ ಮೇಲೆ ಕಟ್ಟಲ್ಪಟ್ಟ ಭಂಡಾರಗಳಲ್ಲಿ ಮುಖ್ಯವಾದ ಕೆಲವನ್ನು ತಿಳಿದುಕೊಳ್ಳಬೇಕು. ಮೊದಲನೆಯದು ರೋಗಗಳ ನಿಘಂಟು. ಅಮೆರಿಕೆಯ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ವಿಕ್ಟರ್ ಮೆಕ್‌ಕ್ಯೂಸಿಕ್ ಎಂಬವರು ಆನುವಂಶಿಕ ರೋಗಗಳ ಪಟ್ಟಿಯನ್ನು 1966ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದು 1987ರಿಂದ ಗಣಕಯಂತ್ರದ ಮೂಲಕ ದೊರೆಯತೊಡಗಿ 'ಓಮಿಮ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಎರಡನೆಯದು 1998ರಲ್ಲಿ ಆರಂಭವಾದ 'ಡಿಬಿ ಸ್ನಿಪ್' ಎಂಬ ಪಾಠಾಂತರಗಳ ದಫ್ತರವು. ಕಂದಾಯ ಇಲಾಖೆಯು ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರನ್ನು ಕೊಡುವಂತೆ ಇದು ಪ್ರತಿಯೊಂದು ವ್ಯತ್ಯಾಸಕ್ಕೂ ಒಂದು ನಂಬರನ್ನು ಕೊಡುವುದು. ಲಂಡನ್ನಿನ ವೈದ್ಯನೂ ಬೆಂಗಳೂರಿನ ವೈದ್ಯನೂ ಆ ನಂಬರನ್ನು ಹೇಳಿದರೆ ಒಂದೇ ಅಕ್ಷರವನ್ನು ಕುರಿತು ಮಾತನಾಡುತ್ತಿರುವರೆಂಬುದು ನಿಶ್ಚಯವಾಗುವುದು. ಮೂರನೆಯದು 2013ರಿಂದ ನಡೆಯುತ್ತಿರುವ 'ಕ್ಲಿನ್‌ವಾರ್'. ಯಾವ ವ್ಯತ್ಯಾಸವು ರೋಗಕಾರಕ, ಯಾವುದು ಬಹುಶಃ ರೋಗಕಾರಕ, ಯಾವುದು ಅನಿಶ್ಚಿತ, ಯಾವುದು ಬಹುಶಃ ನಿರಪಾಯ, ಯಾವುದು ನಿರಪಾಯ ಎಂದು ಪ್ರಯೋಗಶಾಲೆಗಳು ಐದು ಬಗೆಯಾಗಿ ಕೊಟ್ಟ ತೀರ್ಪುಗಳು ಅಲ್ಲಿ ದಾಖಲಾಗುವುವು. ನಾಲ್ಕನೆಯದು 'ನೋಮ್ಯಾಡ್' ಎಂಬ ಮಹಾಭಂಡಾರ. ಯಾವ ವ್ಯತ್ಯಾಸವು ಎಷ್ಟು ಜನರಲ್ಲಿ ಕಂಡುಬರುವುದೆಂಬ ಲೆಕ್ಕವನ್ನು ಅದು ಕೊಡುವುದು. 2014ರಲ್ಲಿ ಸುಮಾರು 60 ಸಾವಿರ ಜನರ ಬರಹಗಳಿಂದ ಆರಂಭವಾದ ಈ ಕಾರ್ಯವು 2023ರಲ್ಲಿ 8 ಲಕ್ಷ ಜನರನ್ನು ದಾಟಿತು.

ಭಂಡಾರವಿದ್ದ ಮಾತ್ರಕ್ಕೆ ಸಾಲದು. ಓದುವ ಕನ್ನಡಕವೂ ಬೇಕು. ಮೇಲೆ ಹೇಳಿದ ಸಾಂಟಾ ಕ್ರೂಜ್‌ನ ಜಿನೋಮ್ ದರ್ಶಕವೂ, ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ಹಿಂಕ್ಸ್‌ಟನ್ನಿನಲ್ಲಿ ಬೆಳೆದ 'ಎನ್ಸೆಂಬಲ್' ಎಂಬುದೂ ವರ್ಣತಂತುವಿನ ಯಾವ ಸ್ಥಾನದಲ್ಲಿ ಯಾವ ವಂಶವಾಹಿಯಿದೆ ಎಂಬುದನ್ನು ನಕ್ಷೆಯಂತೆ ತೋರಿಸುವುವು. ಒಂದು ಅಕ್ಷರವು ಬದಲಾದರೆ ಅದರಿಂದ ಹುಟ್ಟುವ ಪ್ರೋಟೀನು ಕೆಡುವುದೋ ಇಲ್ಲವೋ ಎಂಬುದನ್ನು 'ಸಿಫ್ಟ್', 'ಪಾಲಿಫೆನ್' ಮೊದಲಾದ ಸಾಧನಗಳು ಊಹಿಸಿ ಹೇಳುವುವು. ಸಕಲ ಜೀವಿಗಳಲ್ಲಿಯೂ ಬದಲಾಗದೆ ಉಳಿದುಬಂದ ಅಕ್ಷರವು ಬದಲಾದರೆ ಅಪಾಯವು ಹೆಚ್ಚು ಎಂಬುದೇ ಇಂತಹ ಊಹೆಯ ಒಂದು ಮುಖ್ಯ ಆಧಾರವು. 2023ರಲ್ಲಿ 'ಆಲ್ಫಾಮಿಸೆನ್ಸ್' ಎಂಬ ಯಂತ್ರಬುದ್ಧಿಯು ಇಂತಹ ಸುಮಾರು 7 ಕೋಟಿ 10 ಲಕ್ಷ ಬದಲಾವಣೆಗಳಿಗೆ ಊಹೆಯ ಅಂಕಗಳನ್ನು ಕೊಟ್ಟಿತು. ಆದರೆ ಊಹೆಯು ಊಹೆಯೇ. ಅದು ಸಾಕ್ಷಿಗಳಲ್ಲೊಂದಾಗಬಹುದೇ ಹೊರತು ನ್ಯಾಯಾಧೀಶನಾಗದು.

ಇವುಗಳ ಉಪಯೋಗವು ಒಂದು ದೃಷ್ಟಾಂತದಿಂದ ಸ್ಪಷ್ಟವಾದೀತು. ಕುಡುಗೋಲು ಕಣದ ರೋಗವೆಂಬುದೊಂದಿದೆ. ರಕ್ತದ ಕೆಂಪು ಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರವಾದ ನೋವನ್ನೂ ರಕ್ತಹೀನತೆಯನ್ನೂ ಉಂಟುಮಾಡುವುವು. 300 ಕೋಟಿ ಅಕ್ಷರಗಳಲ್ಲಿ ಹನ್ನೊಂದನೆಯ ವರ್ಣತಂತುವಿನ ಒಂದೇ ಒಂದು 'ಎ' ಅಕ್ಷರವು 'ಟಿ' ಆಗುವುದೇ ಇದರ ಕಾರಣ. ಡಿಬಿ ಸ್ನಿಪ್ ದಫ್ತರದಲ್ಲಿ ಇದರ ನಂಬರು ಆರ್.ಎಸ್. 334. ಈ ನಂಬರನ್ನು ಹಾಕಿದೊಡನೆ ಅದರ ಸ್ಥಾನ, ಅದರಿಂದಾಗುವ ಬದಲಾವಣೆ, ಯಾವ ಯಾವ ಜನರಲ್ಲಿ ಎಷ್ಟು ಮಂದಿಯಲ್ಲಿದೆ ಎಂಬುದೆಲ್ಲವೂ ಕ್ಷಣಮಾತ್ರದಲ್ಲಿ ಕಣ್ಣಿಗೆ ಬೀಳುವುದು. ಇದು ಆಫ್ರಿಕದ ರೋಗವೆಂದು ಒಂದು ಕಾಲದಲ್ಲಿ ಜನರು ತಿಳಿದಿದ್ದರು. 1952ರಲ್ಲಿ ನೀಲಗಿರಿಯ ಬುಡಕಟ್ಟಿನವರಲ್ಲಿಯೂ ಇದು ಇರುವುದು ಕಂಡುಬಂದಿತು. ಇದರ ನಿರ್ಮೂಲನಕ್ಕಾಗಿ ಭಾರತ ಸರಕಾರವು 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಪ್ರಾರಂಭಿಸಿತು.

ಈ ರೋಗದ ವಿಷಯದಲ್ಲಿ ಮನೆಯವರು ತಿಳಿಯತಕ್ಕ ಲೆಕ್ಕವೊಂದಿದೆ. ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ತಪ್ಪಿರುವವನು ಸಾಮಾನ್ಯವಾಗಿ ಆರೋಗ್ಯವಂತನಾಗಿಯೇ ಇರುವನು, ಅವನನ್ನು ವಾಹಕನೆನ್ನುವರು. ವಾಹಕನಾದ ಗಂಡನೂ ವಾಹಕಳಾದ ಹೆಂಡತಿಯೂ ಕೂಡಿದಲ್ಲಿ, ಹುಟ್ಟುವ ಪ್ರತಿಯೊಂದು ಶಿಶುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ವಾಹಕವಾಗುವ ಸಂಭವವು ನಾಲ್ಕರಲ್ಲಿ ಎರಡು. ಎರಡೂ ಪ್ರತಿಗಳು ಶುದ್ಧವಾಗಿರುವ ಸಂಭವವು ನಾಲ್ಕರಲ್ಲಿ ಒಂದು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ತಂದೆಯ ತಪ್ಪೂ ಇಲ್ಲ, ಪೂರ್ವಕರ್ಮದ ಮಾತೂ ಇಲ್ಲ. ರೋಗಿಷ್ಠ ಶಿಶುವನ್ನು ಹೆತ್ತಳೆಂದು ಸೊಸೆಯನ್ನು ದೂರುವ ಮನೆಯವರು, ಆ ರೋಗದ ಅರ್ಧ ಭಾಗವು ತಮ್ಮ ಮಗನಿಂದಲೇ ಬಂದಿತೆಂಬುದನ್ನು ಅರಿಯತಕ್ಕದ್ದು.

ಇನ್ನು ಈ ಶಾಸ್ತ್ರದ ಅತ್ಯಂತ ಗಂಭೀರವಾದ ವಿಷಯಕ್ಕೆ ಬರಬೇಕು. ಒಂದು ವ್ಯತ್ಯಾಸವು ರೋಗಕಾರಕವೋ ಅಲ್ಲವೋ ಎಂದು ನಿರ್ಣಯಿಸುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು: 'ಇದು ಆರೋಗ್ಯವಂತರಲ್ಲಿ ಎಷ್ಟು ಜನರಿಗೆ ಇದೆ?' ಬಹಳ ಜನರಿಗೆ ಇದ್ದರೆ ಅದು ವಿರಳವೂ ಘೋರವೂ ಆದ ರೋಗಕ್ಕೆ ಕಾರಣವಾಗಿರಲಾರದು. ಯಾರಲ್ಲಿಯೂ ಕಾಣದಿದ್ದರೆ ಸಂಶಯವು ಹೆಚ್ಚುವುದು. ಆದರೆ 'ಯಾರಲ್ಲಿಯೂ' ಎಂದರೆ ಯಾರು? ಭಂಡಾರದಲ್ಲಿ ಯಾರ ಬರಹವಿದೆಯೋ ಅವರು ಮಾತ್ರ. ಭಂಡಾರಕ್ಕೆ ಒಂದು ಜನಾಂಗದ ಪ್ರತಿಗಳು ಬಾರದೆ ಹೋದರೆ, ಆ ಜನರಲ್ಲಿ ಸಹಜವಾಗಿ ಹರಡಿರುವ ನಿರಪಾಯವಾದ ವ್ಯತ್ಯಾಸವೂ ವಿರಳವೆಂದು ತೋರಿ, ರೋಗದ ಮುದ್ರೆಯನ್ನು ಹೊತ್ತುಕೊಳ್ಳುವುದು.

ಇದು ಕೇವಲ ತರ್ಕವಲ್ಲ, ನಡೆದುಹೋದ ಸಂಗತಿ. ಹೃದಯದ ಸ್ನಾಯುವು ದಪ್ಪವಾಗಿ ಕೆಲವೊಮ್ಮೆ ತರುಣರಲ್ಲಿಯೇ ಆಕಸ್ಮಿಕ ಮರಣವನ್ನು ತರುವ ಆನುವಂಶಿಕ ರೋಗವೊಂದಿದೆ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ರೋಗದ ಪರೀಕ್ಷೆಗಳನ್ನು ಪುನಃ ಪರಿಶೀಲಿಸಿ 2016ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರೋಗಕಾರಕವೆಂದು ಹಿಂದೆ ತೀರ್ಪು ಪಡೆದಿದ್ದ ಕೆಲವು ವ್ಯತ್ಯಾಸಗಳು ಆಫ್ರಿಕಮೂಲದ ಅಮೆರಿಕನರಲ್ಲಿ ಸಾಮಾನ್ಯವಾಗಿದ್ದು, ನಿರಪಾಯವಾದವುಗಳೆಂದು ತಿಳಿದುಬಂದಿತು. ಅಷ್ಟರಲ್ಲಿ ಆ ಮೂಲದ ಅನೇಕ ರೋಗಿಗಳಿಗೆ ರೋಗದ ಕಾರಣ ಸಿಕ್ಕಿತೆಂಬ ತಪ್ಪು ವರದಿಯು ಹೋಗಿಯಾಗಿದ್ದಿತು. ಇಂತಹ ವರದಿಯನ್ನು ನಂಬಿ ರೋಗಿಯ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಿದರೆ, ಅಪಾಯವಿಲ್ಲದವನು ಆಯುಷ್ಯವಿಡೀ ಭಯದಿಂದ ಬದುಕುವನು; ಅಪಾಯವುಳ್ಳವನು ನಿಶ್ಚಿಂತನಾಗಿ ಮನೆಗೆ ಹೋಗುವನು. ಹೋಲಿಕೆಗಾಗಿ ಇಟ್ಟುಕೊಂಡಿದ್ದ ಆರೋಗ್ಯವಂತರ ಗುಂಪಿನಲ್ಲಿ ಕೆಲವೇ ಮಂದಿ ಆಫ್ರಿಕಮೂಲದವರು ಇದ್ದಿದ್ದರೂ ಬಹುಶಃ ಈ ತಪ್ಪು ನಡೆಯುತ್ತಿರಲಿಲ್ಲವೆಂದು ಆ ವಿಜ್ಞಾನಿಗಳು ತೋರಿಸಿಕೊಟ್ಟರು. ಪಂಕ್ತಿಯಲ್ಲಿ ಕೆಲವರಿಗೆ ಎಲೆ ಹಾಕದೆ ಬಿಟ್ಟರೆ ಆಗುವ ಅನ್ಯಾಯವು ಹಸಿವು ಮಾತ್ರ. ಲೆಕ್ಕದ ಪುಸ್ತಕದಲ್ಲಿ ಕೆಲವರನ್ನು ಬರೆಯದೆ ಬಿಟ್ಟರೆ ಆಗುವ ಅನ್ಯಾಯವು ಪ್ರಾಣದ ಮಟ್ಟಿಗೂ ಹೋಗಬಹುದು.

ಭಾರತೀಯರ ಸ್ಥಿತಿಯು ಇದಕ್ಕಿಂತ ಉತ್ತಮವಾಗಿರಲಿಲ್ಲ. 2008ರಲ್ಲಿ ಆರಂಭವಾಗಿ 2015ರಲ್ಲಿ ಮುಗಿದ 'ಸಾವಿರ ಜಿನೋಮ್' ಯೋಜನೆಯು 26 ಜನಸಮೂಹಗಳ 2,504 ಮಂದಿಯ ಬರಹಗಳನ್ನು ಲೋಕಕ್ಕೆ ಕೊಟ್ಟಿತು. ಅದರಲ್ಲಿ ದಕ್ಷಿಣ ಏಷ್ಯದ ಸಮೂಹಗಳು ಐದು: ಅಮೆರಿಕೆಯ ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿ ನೆಲಸಿದ ಶ್ರೀಲಂಕಾ ತಮಿಳರು, ಅಲ್ಲಿಯೇ ನೆಲಸಿದ ತೆಲುಗರು. ಭಾರತದ ನೆಲದಲ್ಲಿ ಸಂಗ್ರಹಿಸಿದ ಸಮೂಹವು ಒಂದೂ ಇಲ್ಲ. ಕನ್ನಡಿಗರ ಸಮೂಹವಂತೂ ಇಲ್ಲವೇ ಇಲ್ಲ.

ಪುಸ್ತಕದಲ್ಲಿಲ್ಲದ ಜನರಲ್ಲಿ ಅವರದೇ ಆದ ವ್ಯತ್ಯಾಸಗಳಿರುವುವೆಂಬುದಕ್ಕೆ 2009ರಲ್ಲಿ ಪ್ರಕಟವಾದ ಸಂಶೋಧನೆಯು ಸಾಕ್ಷಿ. ಹೃದಯದ ಸ್ನಾಯುವಿಗೆ ಸಂಬಂಧಪಟ್ಟ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಪಾಠವು ಈ ಉಪಖಂಡದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇರುವುದು. ಯುರೋಪಿನವರಲ್ಲಿ ಅದು ಇಲ್ಲವೆಂದೇ ಹೇಳಬೇಕು. ವಯಸ್ಸು ಹೆಚ್ಚಿದಂತೆ ಹೃದಯವು ಸೋಲುವ ಅಪಾಯಕ್ಕೂ ಈ ಲೋಪಕ್ಕೂ ಸಂಬಂಧವಿದೆಯೆಂದು ಆ ಸಂಶೋಧನೆಯು ತೋರಿಸಿತು. ಮುಂದಿನ ವರ್ಷಗಳ ಪರಿಶೀಲನೆಯಿಂದ, ಅದು ಇರುವವರೆಲ್ಲರಿಗೂ ಅಪಾಯವು ಸಮಾನವಲ್ಲವೆಂದೂ, ಅದರ ಜೊತೆಗೆ ಬೇರೊಂದು ವ್ಯತ್ಯಾಸವೂ ಇರುವ ಕೆಲವರಲ್ಲಿ ಹೃದ್ರೋಗದ ಚಿಹ್ನೆಗಳು ಹೆಚ್ಚಾಗಿ ಕಾಣುವುವೆಂದೂ ತಿಳಿದುಬಂದಿತು. ಒಂದು ಪ್ರತಿಯನ್ನು ಒಂದು ಸಲ ಓದಿದ ಮಾತ್ರಕ್ಕೆ ಅರ್ಥವು ಮುಗಿಯದೆಂಬುದಕ್ಕೆ ಇದೇ ನಿದರ್ಶನ.

ಸಂತೋಷದ ವಿಷಯವೇನಂದರೆ, ಈ ಕೊರತೆಯನ್ನು ತುಂಬುವ ಕಾರ್ಯವು ಭಾರತದಲ್ಲಿಯೇ ಆರಂಭವಾಯಿತು. 2019ರಲ್ಲಿ ದೆಹಲಿಯ ಸಂಸ್ಥೆಯೊಂದರ ನೇತೃತ್ವದಲ್ಲಿ ಆರಂಭವಾದ 'ಇಂಡಿಜೆನ್' ಯೋಜನೆಯು 1,029 ಭಾರತೀಯರ ಬರಹಗಳನ್ನು ಓದಿತು. ಅದರಲ್ಲಿ ಕಂಡ 5 ಕೋಟಿ 50 ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಲೋಕದ ಬೇರೆ ಭಂಡಾರಗಳಲ್ಲಿ ಅಂದಿಗೆ ಇರಲಿಲ್ಲ. 2020ರ ಜನವರಿಯಲ್ಲಿ 'ಜಿನೋಮ್ ಇಂಡಿಯಾ' ಎಂಬ ದೊಡ್ಡ ಯೋಜನೆಯು ಪ್ರಾರಂಭವಾಯಿತು. ಇಪ್ಪತ್ತು ಸಂಸ್ಥೆಗಳು ಕೂಡಿ ನಡೆಸಿದ ಈ ಕಾರ್ಯದ ಮುಂದಾಳುತನವನ್ನು ವಹಿಸಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು. ಇದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ದೇಶದ 83 ಜನಸಮೂಹಗಳಿಂದ ಸುಮಾರು ಹತ್ತು ಸಾವಿರ ಮಂದಿಯ ಬರಹಗಳು ಓದಲ್ಪಟ್ಟುವು. 2025ರ ಜನವರಿ 9ರಂದು, ಫರೀದಾಬಾದಿನಲ್ಲಿರುವ ರಾಷ್ಟ್ರೀಯ ಭಂಡಾರದ ಮೂಲಕ, ನಿಯಮಕ್ಕೊಳಪಟ್ಟು ಸಂಶೋಧಕರಿಗೆ ಅವು ದೊರೆಯುವಂತೆ ಮಾಡಲಾಯಿತು.

ಈಗ ಈ ಭಂಡಾರಗಳು ಮನುಷ್ಯಕುಲವನ್ನು ಕುರಿತು ಏನನ್ನು ಹೇಳುತ್ತಿರುವುವು ಎಂಬುದನ್ನು ವಿಚಾರಿಸಬೇಕು. 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿಯು ಆಗ ದೊರೆತಿದ್ದ ರಕ್ತದ ಲಕ್ಷಣಗಳ ಲೆಕ್ಕವನ್ನು ಹಾಕಿ, ಮನುಷ್ಯರ ನಡುವಣ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಜನಸಮೂಹದ ಒಳಗೇ ಇರುವುದೆಂದು ತೋರಿಸಿದನು; ಜನಾಂಗ ಜನಾಂಗಗಳ ನಡುವೆ ಇರುವುದು ಆರು ಪಾಲು ಮಾತ್ರ. ಅನಂತರ ಬಂದ ದೊಡ್ಡ ಭಂಡಾರಗಳೂ, ಹೆಚ್ಚಿನ ಪಾಲು ಸಮೂಹದ ಒಳಗೇ ಇರುವುದೆಂಬ ಮಾತನ್ನು ಸುಳ್ಳು ಮಾಡಲಿಲ್ಲ. ಸಮೂಹಗಳಲ್ಲಿ ಭೇದವೇ ಇಲ್ಲವೆಂದು ಇದರ ಅರ್ಥವಲ್ಲ; ಆ ಭೇದಗಳಿಂದ ವಲಸೆಯ ಚರಿತ್ರೆಯನ್ನು ಓದಬಹುದು. ಆದರೆ ಮೇಲುಕೀಳುಗಳ ಗೋಡೆಯನ್ನು ಕಟ್ಟುವುದಕ್ಕೆ ಬೇಕಾದ ಕಲ್ಲು ಈ ಬರಹದಲ್ಲಿ ದೊರೆಯುವುದಿಲ್ಲ.

ಭಾರತದ ಬರಹದಲ್ಲಿ ಮತ್ತೊಂದು ಕಥೆಯಿದೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಅಮೆರಿಕೆಯ ಹಾರ್ವರ್ಡಿನವರೂ ಕೂಡಿ 2013ರಲ್ಲಿ ಪ್ರಕಟಿಸಿದಂತೆ, ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನರು ವ್ಯಾಪಕವಾಗಿ ಬೆರೆತರು; ತರುವಾಯ ಆ ಬೆರಕೆಯು ನಿಂತು, ತಮ್ಮತಮ್ಮೊಳಗೇ ವಿವಾಹವಾಗುವ ಪದ್ಧತಿಯು ಬಲವಾಯಿತು. ಇದರ ಫಲವನ್ನು 2017ರ ಮತ್ತೊಂದು ಪ್ರಬಂಧವು ತಿಳಿಸಿತು. ದಕ್ಷಿಣ ಏಷ್ಯದ 263 ಸಮೂಹಗಳನ್ನು ಪರೀಕ್ಷಿಸಿದಾಗ 81 ಸಮೂಹಗಳು ಬಹು ಸ್ವಲ್ಪ ಮೂಲಪುರುಷರಿಂದ ಬೆಳೆದು ತಮ್ಮೊಳಗೇ ಉಳಿದುವೆಂಬ ಚಿಹ್ನೆಯನ್ನು ತೋರಿಸಿದುವು. ಅವುಗಳಲ್ಲಿ ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಸಮೂಹಗಳೇ 14. ಒಂದೇ ಮಾತೃಕೆಯಿಂದ ನಕಲಾದ ಪ್ರತಿಗಳಲ್ಲಿ ಒಂದೇ ತಪ್ಪು ಮರುಕಳಿಸುವಂತೆ, ಇಂತಹ ಸಮೂಹಗಳಲ್ಲಿ ಗಂಡಹೆಂಡಿರಿಬ್ಬರೂ ಒಂದೇ ದೋಷದ ವಾಹಕರಾಗಿರುವ ಸಂಭವವು ಹೆಚ್ಚು. ದಕ್ಷಿಣದ ಒಂದು ಸಮುದಾಯದಲ್ಲಿ, ಶಸ್ತ್ರಚಿಕಿತ್ಸೆಯ ಕಾಲಕ್ಕೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಶಕ್ತಿಯಿಲ್ಲದವರು ಹೆಚ್ಚಾಗಿರುವರು. ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಔಷಧವು ಅವರಲ್ಲಿ ಗಂಟೆಗಟ್ಟಲೆ ನಿಂತು ಉಸಿರಾಟವನ್ನೇ ತಡೆಯಬಲ್ಲದು. ಮುಂಚಿತವಾಗಿ ತಿಳಿದ ವೈದ್ಯನು ಬೇರೆ ಔಷಧವನ್ನು ಕೊಟ್ಟರೆ ಅಪಾಯವೇ ಇಲ್ಲ. ಜ್ಞಾನಕ್ಕೂ ಅಜ್ಞಾನಕ್ಕೂ ನಡುವೆ ಇಲ್ಲಿ ಇರುವುದು ಒಂದು ಪ್ರಾಣ.

ಬಂಧುಗಳಿರಾ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ಶರಣರು ಪ್ರಾಣವನ್ನೇ ತೆತ್ತರೆಂದೂ ಪರಂಪರೆಯು ಹೇಳುತ್ತಿರುವುದು. ಶರಣರಿಗೆ ವಂಶವಾಹಿಗಳ ಶಾಸ್ತ್ರವು ತಿಳಿದಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಅವರಿಗೆ ಆ ಹೊಗಳಿಕೆಯ ಅಗತ್ಯವೂ ಇಲ್ಲ. ಅವರು ಜಾತಿಯನ್ನು ನಿರಾಕರಿಸಿದುದು ಧರ್ಮದ ನೆಲೆಯಿಂದ. ವಿಜ್ಞಾನವು ನಾಳೆ ಬೇರೆ ಮಾತು ಹೇಳಿದರೂ ಅವರ ನಿಲುವು ಕದಲದು. ಆದರೆ ಆ ಶರಣರ ಹೆಸರನ್ನು ಹೇಳುವವರಲ್ಲಿಯೇ ಒಳಪಂಗಡವನ್ನು ವಿಚಾರಿಸದೆ ಹೆಣ್ಣು ಕೊಡದ ಮನೆಗಳು ಇಂದಿಗೂ ಉಂಟು ಎಂಬುದನ್ನು ಈ ಸುಸಂದರ್ಭದಲ್ಲಿ ಮರೆಮಾಚಬಾರದು. ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯೂ ಇರುವುದು. ಸೋದರಮಾವನೂ ಸೊಸೆಯೂ ತಮ್ಮ ಬರಹದಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲನ್ನು, ಸೋದರತ್ತೆಯ ಮಗನೂ ಸೋದರಮಾವನ ಮಗಳೂ ಎಂಟನೆಯ ಒಂದು ಪಾಲನ್ನು ಸಮಾನವಾಗಿ ಪಡೆದಿರುವರು. ಇಂತಹ ಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಆದರೂ ಅಪಾಯದ ಪ್ರಮಾಣವು ಹೆಚ್ಚೆಂಬುದು ನಿಶ್ಚಿತ. ಜಾತಕವನ್ನು ತೋರಿಸಲು ದೂರದೂರಿಗೆ ಹೋಗುವವರು, ಇಂತಹ ಸಂಬಂಧವನ್ನು ಬೆಳೆಸುವ ಮುನ್ನ ಒಮ್ಮೆ ಅನುವಂಶ ವೈದ್ಯರ ಸಲಹೆಯನ್ನು ಕೇಳುವುದು ವಿವೇಕವು.

ಹಿತವನ್ನು ಹೇಳಿದ ಮೇಲೆ ಅಹಿತವನ್ನೂ ಹೇಳಬೇಕು. ದೇಹದ ಬರಹವನ್ನು ಕೊಡುವುದೆಂದರೆ ತನ್ನ ಗುಟ್ಟನ್ನು ಮಾತ್ರವಲ್ಲ, ಒಡಹುಟ್ಟಿದವರ, ಮಕ್ಕಳ ಗುಟ್ಟನ್ನೂ ಕೊಟ್ಟಂತೆ. ಅಮೆರಿಕೆಯ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ವಾಸಿಸುವ ಹವಾಸುಪಾಯ್ ಎಂಬ ಆದಿವಾಸಿಗಳಿಂದ ಮಧುಮೇಹದ ಸಂಶೋಧನೆಗೆಂದು 1990ರ ಸುಮಾರಿಗೆ ರಕ್ತವನ್ನು ತೆಗೆದುಕೊಳ್ಳಲಾಯಿತು. ಅವರಿಗೆ ಸರಿಯಾಗಿ ತಿಳಿಸದೆ ಅದೇ ರಕ್ತವನ್ನು ಮನೋರೋಗ, ವಲಸೆಯ ಮೂಲ ಮುಂತಾದ ಬೇರೆ ಸಂಶೋಧನೆಗಳಿಗೂ ಬಳಸಿದರೆಂದು ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿಯಾಗಿ ಅವರಿಗೆ ಪರಿಹಾರದ್ರವ್ಯವೂ, ಉಳಿದಿದ್ದ ರಕ್ತವೂ ಹಿಂದಿರುಗಿಸಲ್ಪಟ್ಟುವು. ತಮ್ಮ ಹಿರಿಯರ ರಕ್ತವನ್ನು ಅವರು ಭಕ್ತಿಯಿಂದ ಮರಳಿ ಕೊಂಡೊಯ್ದರು. ದಾನವು ಅರಿತು ಕೊಟ್ಟದ್ದಾಗಿರಬೇಕು. ಪಡೆದವನು ಅದನ್ನು ಕೊಟ್ಟ ಉದ್ದೇಶಕ್ಕೇ ಬಳಸಬೇಕು. ಇದು ಎಲ್ಲ ದೇಶಗಳಿಗೂ ಸಲ್ಲುವ ಧರ್ಮವು.

ಕಡೆಯದಾಗಿ ಗೃಹಸ್ಥರು ಮನಸ್ಸಿನಲ್ಲಿಡತಕ್ಕ ಮಾತುಗಳು ಕೆಲವುಂಟು. ಪರೀಕ್ಷೆಯ ವರದಿಯಲ್ಲಿ 'ಅನಿಶ್ಚಿತ' ಎಂದಿದ್ದರೆ ಅದು ರೋಗವೆಂದೂ ಅಲ್ಲ, ಆರೋಗ್ಯವೆಂದೂ ಅಲ್ಲ. ಸಾಕಷ್ಟು ಪ್ರತಿಗಳು ಇನ್ನೂ ಹೋಲಿಸಲ್ಪಟ್ಟಿಲ್ಲವೆಂದೇ ಅದರ ಅರ್ಥ. ಅಂತಹ ವರದಿಯನ್ನು ಹಿಡಿದು ಮದುವೆಯನ್ನು ಮುರಿಯುವುದಾಗಲಿ, ಶಸ್ತ್ರಚಿಕಿತ್ಸೆಗೆ ಅವಸರಪಡುವುದಾಗಲಿ ಸಲ್ಲದು. ಕೆಲವು ವರ್ಷಗಳಾದ ಮೇಲೆ ಮರಳಿ ವಿಚಾರಿಸತಕ್ಕದ್ದು. ವಾಹಕನೆಂದು ತಿಳಿದವನನ್ನು ಕಳಂಕಿತನೆಂದು ಭಾವಿಸಬಾರದು. ಏಕೆಂದರೆ ಒಂದಲ್ಲ ಒಂದು ದೋಷದ ವಾಹಕನಲ್ಲದ ಮನುಷ್ಯನು ಸಿಗುವುದೇ ದುರ್ಲಭ. ಉದ್ದೇಶವನ್ನೂ ರಕ್ಷಣೆಯನ್ನೂ ಸ್ಪಷ್ಟವಾಗಿ ತಿಳಿಸಿ ಪ್ರಾಮಾಣಿಕ ಸಂಶೋಧಕರು ಕೇಳಿದಾಗ, ವಿಚಾರಮಾಡಿ ಒಪ್ಪಿ ಒಂದಿಷ್ಟು ರಕ್ತವನ್ನು ಕೊಡುವುದು ಲೋಕೋಪಕಾರವೇ ಸರಿ. ಆ ರಕ್ತದಿಂದ ಯಾವನೋ ಅಪರಿಚಿತನ ಮಗುವಿನ ವರದಿಯಲ್ಲಿರುವ 'ಅನಿಶ್ಚಿತ' ಎಂಬ ಪದವು ಅಳಿಸಿಹೋಗಬಹುದು.

ಮಠಗಳ ಅಟ್ಟದ ಮೇಲಿದ್ದ ಕಟ್ಟುಗಳನ್ನು ಬಿಚ್ಚಿ ಕೊಡಲು ಹಿರಿಯರು ಒಪ್ಪದೆ ಹೋಗಿದ್ದರೆ, ಎಷ್ಟೋ ಶರಣರ ಮಾತುಗಳು ಹುಳುಗಳ ಪಾಲಾಗುತ್ತಿದ್ದುವು. ಕೊಟ್ಟುದರಿಂದ ಮಠಕ್ಕೇನೂ ಕಡಮೆಯಾಗಲಿಲ್ಲ. ಲೋಕಕ್ಕೆ ಮಾತ್ರ ಹೆಚ್ಚಾಯಿತು. ಅನುಭವಮಂಟಪದಲ್ಲಿ ಯಾರ ಕುಲವನ್ನೂ ಕೇಳದೆ ಎಲ್ಲರ ಮಾತಿಗೂ ಸ್ಥಾನವಿದ್ದಂತೆ, ಮಾನವಕುಲದ ಈ ಭಂಡಾರದಲ್ಲಿಯೂ ಸರ್ವರ ಬರಹಕ್ಕೂ ಸ್ಥಾನ ದೊರೆಯಲಿ. ಈ ಮಠದ ಅನ್ನದಾಸೋಹ, ಜ್ಞಾನದಾಸೋಹಗಳು ಮುಂದೆಯೂ ಅವಿಚ್ಛಿನ್ನವಾಗಿ ನಡೆಯಲಿ. ಸಕಲ ಭಕ್ತವೃಂದಕ್ಕೂ ಆರೋಗ್ಯವೂ ವಿವೇಕವೂ ಪ್ರಾಪ್ತವಾಗಲಿ.